ಬಡ್ಡಿದರದ ಸಭೆಗೆ ದಿನಾಂಕವಿದೆ, ರಫ್ತು ನಿಷೇಧಕ್ಕೆ ಏಕಿಲ್ಲ?

ಮಾನ್ಯ ಸಂಪಾದಕರೇ,

ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ರೆಪೊ ದರವನ್ನು, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರವನ್ನು, ಶೇ 0.25ರಷ್ಟು ಏರಿಸಿದರೂ ಇಳಿಸಿದರೂ ಮರುದಿನ ಅದು ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಗೃಹಸಾಲದ ಕಂತು ಎಷ್ಟು ಏರೀತು, ಎಷ್ಟು ಇಳಿದೀತು ಎಂಬ ಕೋಷ್ಟಕವೂ ಅದರ ಜೊತೆಗಿರುತ್ತದೆ. ಓದುಗರಿಗೆ ಅದು ಬೇಕು, ತಾವು ಕೊಡುತ್ತಿರುವುದು ಸರಿಯಾಗಿಯೇ ಇದೆ. ಆದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಅಕ್ಕಿಯ ರಫ್ತನ್ನು ನಿಷೇಧಿಸಿದಾಗ, ಹಣಕಾಸು ಸಚಿವಾಲಯವು ಹತ್ತಿಯ ಆಮದು ಸುಂಕವನ್ನು ಕೈಬಿಟ್ಟಾಗ, ಆ ಸುದ್ದಿ ವಾಣಿಜ್ಯ ಪುಟದ ಕೆಳಭಾಗದಲ್ಲಿ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ, ಸಿರುಗುಪ್ಪ ಭಾಗದ ಒಂದು ಕುಟುಂಬದ ಇಡೀ ವರ್ಷದ ಬದುಕನ್ನು ಏರುಪೇರು ಮಾಡುವ ಶಕ್ತಿ ಇರುವುದು ಮುಖಪುಟದ ಸುದ್ದಿಗಿಂತ ಹೆಚ್ಚಾಗಿ ಈ ನಾಲ್ಕು ಸಾಲುಗಳಿಗೆ. ಎರಡೂ ತೀರ್ಮಾನಗಳ ಗುರಿ ಒಂದೇ, ದೇಶದಲ್ಲಿ ಬೆಲೆಗಳನ್ನು ಹಿಡಿತದಲ್ಲಿಡುವುದು. ಒಂದನ್ನು ಕಾನೂನಿನ ಚೌಕಟ್ಟಿನಲ್ಲಿ, ದಿನಾಂಕ ತಿಳಿಸಿ, ಕಾರಣ ಹೇಳಿ ಕೈಗೊಳ್ಳುತ್ತಾರೆ. ಇನ್ನೊಂದನ್ನು ಒಂದು ಸಂಜೆ ಏಕಾಏಕಿ ಹೊರಡಿಸುತ್ತಾರೆ. ಈ ವ್ಯತ್ಯಾಸ ಇನ್ನು ಮುಂದುವರಿಯಬಾರದು ಎಂದು ವಾದಿಸುವುದಕ್ಕಾಗಿ ಈ ಪತ್ರ.

ಸಿಂಧನೂರಿನಲ್ಲಿ ಬಹುಕಾಲ ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಮನೆತನದ ಕೆಲವು ಎಕರೆ ಗದ್ದೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿಕೊಂಡಿದೆ. ಹೀಗಾಗಿ ಪಠ್ಯಪುಸ್ತಕದ ಸಮಗ್ರ ಅರ್ಥಶಾಸ್ತ್ರವನ್ನೂ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಕಟ್ಟೆಯ ಮೇಲೆ ನಡೆಯುವ ಅರ್ಥಶಾಸ್ತ್ರವನ್ನೂ ಒಟ್ಟಿಗೆ ನೋಡುವ ಅವಕಾಶ ನನಗೆ ಸಿಕ್ಕಿದೆ.

ಮೊದಲು ಬಡ್ಡಿದರದ ವಿಧಾನವನ್ನು ನೋಡೋಣ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು, ಗ್ರಾಹಕ ಬೆಲೆ ಸೂಚ್ಯಂಕದ ಹಣದುಬ್ಬರವನ್ನು ಶೇ 4ರಲ್ಲಿ, ಹೆಚ್ಚೆಂದರೆ ಶೇ 6 ಮತ್ತು ಕಡಿಮೆಯೆಂದರೆ ಶೇ 2ರ ಮಿತಿಯೊಳಗೆ ಇಡುವ ಹೊಣೆಯನ್ನು ಆರು ಸದಸ್ಯರ ಸಮಿತಿಗೆ ವಹಿಸಲಾಯಿತು. ಮೂವರು ರಿಸರ್ವ್ ಬ್ಯಾಂಕಿನವರು, ಮೂವರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ವರ್ಷದ ಸಭೆಗಳ ದಿನಾಂಕಗಳನ್ನು ಮುಂಚಿತವಾಗಿಯೇ ಪ್ರಕಟಿಸಲಾಗುತ್ತದೆ. ಯಾರು ಯಾವ ಕಡೆ ಮತ ಹಾಕಿದರು, ಏಕೆ ಹಾಕಿದರು ಎಂಬುದು ಸಭೆ ಮುಗಿದ ಹದಿನಾಲ್ಕನೆಯ ದಿನ ನಡಾವಳಿಯ ರೂಪದಲ್ಲಿ ಹೊರಬರುತ್ತದೆ. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಕಾರಣವನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕು. 2022ರಲ್ಲಿ ಹಣದುಬ್ಬರ ಶೇ 6ರ ಮೇಲೆಯೇ ಉಳಿದಾಗ ರಿಸರ್ವ್ ಬ್ಯಾಂಕ್ ಇದಕ್ಕಾಗಿಯೇ ನವೆಂಬರಿನಲ್ಲಿ ವಿಶೇಷ ಸಭೆ ನಡೆಸಿತು. ಆ ವರದಿಯನ್ನು ಜನರ ಮುಂದಿಡಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಉತ್ತರ ಕೊಡಬೇಕೆಂಬ ಕಟ್ಟುಪಾಡಾದರೂ ಅಲ್ಲಿದೆ.

ಈಗ ಅಕ್ಕಿಯ ವಿಷಯಕ್ಕೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಯ ರಫ್ತು ನಿಷೇಧವಾಯಿತು, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ಮೇಲೆ ಶೇ 20ರ ರಫ್ತು ಸುಂಕ ಬಿತ್ತು. 2023ರ ಜುಲೈ 20ರಂದು ಆ ಬಿಳಿ ಅಕ್ಕಿಯ ರಫ್ತನ್ನೇ ನಿಲ್ಲಿಸಲಾಯಿತು. ಆಗಸ್ಟ್ 25ರಂದು ಕುಸುಬಲಕ್ಕಿಗೂ ಶೇ 20ರ ಸುಂಕ ಬಂತು. ಜುಲೈ 20 ಎಂದರೆ ನಮ್ಮ ಭಾಗದಲ್ಲಿ ಭತ್ತದ ಸಸಿ ಮಡಿಯಲ್ಲಿರುವ, ರೈತ ನಾಟಿಗೆ ಸಜ್ಜಾಗುವ ಸಮಯ. ಗೊಬ್ಬರದ ಅಂಗಡಿಯಲ್ಲಿ ಉದ್ದರಿ ಬರೆಸಿ, ಲೀಜಿಗೆ ಹಿಡಿದವರು ಜಮೀನಿನವರಿಗೆ ಮಾತು ಕೊಟ್ಟು ಆಗಿರುತ್ತದೆ. ಬೆಳೆಯನ್ನು ಬದಲಿಸುವ ಗಳಿಗೆ ದಾಟಿದ ಮೇಲೆ ಬೆಳೆಯ ಮಾರುಕಟ್ಟೆಯನ್ನು ಬದಲಿಸುವುದು ಎಂದರೆ ಇದೇ. ಆಗಲೇ ಹಡಗಿಗೆ ತುಂಬಲಾರಂಭಿಸಿದ್ದಂತಹ ಸರಕಿಗೆ ವಿನಾಯಿತಿ ಸಿಕ್ಕಿತೇ ಹೊರತು, ಕರಾರು ಮಾಡಿಕೊಂಡು ಗಿರಣಿಯಲ್ಲಿ ಅಕ್ಕಿ ಮಾಡಿಸುತ್ತಿದ್ದವರಿಗೆ ಸಿಗಲಿಲ್ಲ.

ಆ ವರ್ಷ ಭತ್ತದ ದರವೇನೂ ಕುಸಿಯಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ನಷ್ಟ ಇರುವುದು ಕಣ್ಣಿಗೆ ಕಾಣದ ಜಾಗದಲ್ಲಿ. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ತುಂಗಭದ್ರಾ ಜಲಾಶಯ ತುಂಬಲಿಲ್ಲ, ಕಾಲುವೆಯ ಕೊನೆಯ ಭಾಗದ ಗದ್ದೆಗಳಿಗೆ ನೀರು ತಲುಪುವುದೇ ಕಷ್ಟವಾಯಿತು. ಬೆಳೆ ಕಡಿಮೆಯಾದ ವರ್ಷದಲ್ಲಿ ದರ ಏರುವುದೊಂದೇ ರೈತನಿಗೆ ಪ್ರಕೃತಿ ಮತ್ತು ಮಾರುಕಟ್ಟೆ ಸೇರಿ ಕೊಡುವ ವಿಮೆ: ಚೀಲಗಳು ಕಡಿಮೆಯಾದರೂ ಚೀಲಕ್ಕೆ ಹೆಚ್ಚು ಹಣ ಬಂದರೆ ಸಾಲವಾದರೂ ತೀರುತ್ತದೆ. ರಫ್ತು ನಿಷೇಧವು ಆ ಏರಿಕೆಯ ಮೇಲ್ಭಾಗವನ್ನು ಕತ್ತರಿಸಿತು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ 40ರಷ್ಟು ಪಾಲು ಭಾರತದ್ದು; ನಾವು ಬಾಗಿಲು ಮುಚ್ಚಿದ ಮೇಲೆ ಅಂತರರಾಷ್ಟ್ರೀಯ ಬೆಲೆ ಹದಿನೈದು ವರ್ಷಗಳಲ್ಲೇ ಅತಿ ಎತ್ತರಕ್ಕೆ ಏರಿತು, ಅದರ ಲಾಭ ಥಾಯ್ಲೆಂಡ್ ಮತ್ತು ವಿಯೆಟ್ನಾಮಿನ ರೈತರಿಗೆ ಹೋಯಿತು. ನಮ್ಮ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು. ಆಗಲೂ ಟನ್ನಿಗೆ 490 ಡಾಲರಿನ ಕನಿಷ್ಠ ರಫ್ತು ಬೆಲೆ ಎಂಬ ಷರತ್ತಿತ್ತು, ಅಕ್ಟೋಬರಿನಲ್ಲಿ ಅದನ್ನೂ ಕೈಬಿಟ್ಟರು. ನಾವು ಮಾರುಕಟ್ಟೆಗೆ ಮರಳುವ ಹೊತ್ತಿಗೆ ಎಲ್ಲೆಡೆ ಬೆಳೆ ಚೆನ್ನಾಗಿ ಬಂದು ಜಗತ್ತಿನಲ್ಲಿ ಬೆಲೆ ಇಳಿಯತೊಡಗಿತ್ತು. ಬೆಲೆ ಏರಿದಾಗ ಬಾಗಿಲು ಮುಚ್ಚಿ, ಇಳಿದಾಗ ತೆರೆದರೆ ರೈತನ ಪಾಲಿಗೆ ಇಳಿತಗಳಷ್ಟೇ ಉಳಿಯುತ್ತವೆ.

ಬೆಂಬಲ ಬೆಲೆ ಇದೆಯಲ್ಲ ಎನ್ನುವ ಸಮಾಧಾನವೂ ಇಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. 2023-24ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,183 ರೂಪಾಯಿ ಇತ್ತು. ನಮ್ಮವರು ಬೆಳೆಯುವ ಸೋನಾ ಮಸೂರಿ ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ದರಕ್ಕೇ, ಮುಕ್ತ ಮಾರುಕಟ್ಟೆಯಲ್ಲೇ ಮಾರಾಟವಾಗುತ್ತದೆ. ರಫ್ತಿನ ಬಾಗಿಲು ಮುಚ್ಚಿದರೆ ಪೆಟ್ಟು ಬೀಳುವುದು ಆ ಮೇಲಿನ ಭಾಗಕ್ಕೆ, ಅದನ್ನು ಯಾವ ಬೆಂಬಲ ಬೆಲೆಯೂ ತುಂಬಿಕೊಡುವುದಿಲ್ಲ.

ಅದೇ ನೀತಿಯ ಇನ್ನೊಂದು ಪರಿಣಾಮವನ್ನು ರಾಜ್ಯದ ಪ್ರತಿಯೊಬ್ಬ ಪಡಿತರದಾರನೂ ಕಂಡಿದ್ದಾನೆ. 2023ರ ಜೂನ್ ತಿಂಗಳಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಕಾರಣ ಅಲ್ಲಿಯೂ ಬೆಲೆ ನಿಯಂತ್ರಣವೇ. ಕರ್ನಾಟಕ ಸರ್ಕಾರ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಡಬೇಕಾಯಿತು. ಆಗ ಆಹಾರ ನಿಗಮದ ಗೋದಾಮುಗಳಲ್ಲಿ ಜುಲೈ 1ಕ್ಕೆ ಇರಬೇಕಾದ 135.4 ಲಕ್ಷ ಟನ್ನಿಗಿಂತ ಬಹಳ ಹೆಚ್ಚು ಅಕ್ಕಿ ಇತ್ತು. ದಾಸ್ತಾನು ಇದ್ದೂ ರಫ್ತು ಬಂದ್, ದಾಸ್ತಾನು ಇದ್ದೂ ರಾಜ್ಯಗಳಿಗೆ ಮಾರಾಟ ಬಂದ್. ಈ ತೀರ್ಮಾನಗಳ ಹಿಂದಿನ ಲೆಕ್ಕ ಏನಿತ್ತು, ಎಷ್ಟು ದಾಸ್ತಾನು ಸಾಕೆಂದು ಭಾವಿಸಿದ್ದರು, ಮಳೆಯ ಮುನ್ಸೂಚನೆಗೆ ಎಷ್ಟು ತೂಕ ಕೊಟ್ಟಿದ್ದರು ಎಂಬುದನ್ನು ಬಡ್ಡಿದರದ ನಡಾವಳಿಯಂತೆ ಕುಳಿತು ಓದಲು ನಮಗೆ ಯಾವ ದಾಖಲೆಯೂ ಇಲ್ಲ.

ಸರ್ಕಾರದ ಆತಂಕ ನನಗೆ ಅರ್ಥವಾಗುತ್ತದೆ. 2023ರ ಜುಲೈನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಏರಿತ್ತು, ಟೊಮೆಟೊ ಬೆಲೆ ಎಲ್ಲರ ಬಾಯಲ್ಲಿತ್ತು. ಆಗ ಬಳಕೆಯಲ್ಲಿದ್ದ 2012ರ ಮೂಲವರ್ಷದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕವೇ ಸುಮಾರು ಶೇ 46. ಬಡ್ಡಿ ಏರಿಸಿದರೆ ಮನೆ, ಕಾರು, ಕಾರ್ಖಾನೆಗಳಿಗೆ ಸಾಲ ಪಡೆಯುವವರು ಹಿಂದೆ ಸರಿಯಬಹುದು. ಅಕ್ಕಿ, ಬೇಳೆ, ತರಕಾರಿ ಬೆಳೆ ಅದರಿಂದ ಹೆಚ್ಚುವುದಿಲ್ಲ. ಶೇ 4ರ ಗುರಿಯನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು, ಆ ಗುರಿಯ ದೊಡ್ಡ ಪಾಲು ಅದರ ಕೈಗೆಟುಕದ ಆಹಾರದ ಮೇಲಿರುವಾಗ, ಉಳಿದ ಕೆಲಸವನ್ನು ಸರ್ಕಾರ ರಫ್ತು ನಿಷೇಧ, ದಾಸ್ತಾನು ಮಿತಿ ಮತ್ತು ಆಮದು ಸುಂಕದ ಮೂಲಕ ಮಾಡಲು ಹೊರಡುತ್ತದೆ. ಅಂದರೆ ಈ ಅಧಿಸೂಚನೆಗಳು ಬಿಡಿಬಿಡಿ ವ್ಯಾಪಾರ ನಿರ್ಧಾರಗಳಲ್ಲ. ಅವು ದೇಶದ ಹಣದುಬ್ಬರ ನೀತಿಯ ಎರಡನೆಯ ತೋಳು. ಮೊದಲನೆಯ ತೋಳಿಗೆ ಕಟ್ಟಿದ ನಿಯಮವನ್ನು ಎರಡನೆಯದಕ್ಕೂ ಕಟ್ಟಬೇಕು ಎಂಬ ನನ್ನ ವಾದಕ್ಕೆ ಇದೇ ಆಧಾರ.

ಬೆಲೆಯೇರಿಕೆಯನ್ನು ತಡೆಯಬಾರದು ಎಂದು ನಾನು ಹೇಳುತ್ತಿಲ್ಲ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವ ಕುಟುಂಬಗಳು ಅಕ್ಕಿ ಮಾರುವವರಲ್ಲ, ಕೊಳ್ಳುವವರು. ಗಂಜಿನ ಹಮಾಲರೂ ಕೊಳ್ಳುವವರೇ. ಅಕ್ಕಿಯ ಬೆಲೆ ಏರಿದರೆ ಮೊದಲು ಹಸಿಯುವವರು ಅವರು. ಹಾಗೆಯೇ ದೇಶದ ಒಟ್ಟು ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 1991ರಲ್ಲಿ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಾಗ ಜುಲೈ ತಿಂಗಳಲ್ಲಿ ಎರಡು ಕಂತಿನಲ್ಲಿ ರೂಪಾಯಿಯ ಅಪಮೌಲ್ಯವಾಯಿತು, ಸುಮಾರು 47 ಟನ್ ಚಿನ್ನವನ್ನು ವಿದೇಶಿ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನ ತೆಗೆಯುವ ಶ್ರಮವನ್ನು ಹತ್ತಿರದಿಂದ ಬಲ್ಲ ರಾಯಚೂರು ಜಿಲ್ಲೆಯವರಿಗೆ 47 ಟನ್ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ವಿನಿಮಯ ದರ, ವಿತ್ತೀಯ ಕೊರತೆ, ಹಣದುಬ್ಬರ ಇವೆಲ್ಲ ದೆಹಲಿಯ ಮಾತುಗಳು, ನಮಗೆ ಸಂಬಂಧಿಸಿದವಲ್ಲ ಎಂಬ ಉದಾಸೀನವನ್ನು ನಾನು ತರಗತಿಯಲ್ಲಿ ಎಂದೂ ಒಪ್ಪಿದವನಲ್ಲ.

ಆದರೆ ಹಠಾತ್ತನೆ ಹೇರಿದ ನೀತಿ ದೇಶದ ಲೆಕ್ಕವನ್ನೂ ಉಳಿಸುವುದಿಲ್ಲ. ಶ್ರೀಲಂಕಾ ವಿದೇಶಿ ವಿನಿಮಯ ಉಳಿಸಬೇಕಾದ ಒತ್ತಡದ ನಡುವೆ 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಷೇಧಿಸಿತು. ಭತ್ತದ ಇಳುವರಿ ಬಿತ್ತು, ಅಕ್ಕಿಯನ್ನೇ ಆಮದು ಮಾಡಿಕೊಳ್ಳಬೇಕಾಯಿತು, ನವೆಂಬರಿನಲ್ಲಿ ನಿಷೇಧ ಹಿಂದೆಗೆದರೂ ಹಾನಿ ಆಗಿಹೋಗಿತ್ತು. 2022ರ ಏಪ್ರಿಲ್‌ನಲ್ಲಿ ಆ ದೇಶ ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿತು, ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ 70ರ ಸಮೀಪಕ್ಕೆ ಹೋಯಿತು. ಅಲ್ಲಿನ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು, ತೆರಿಗೆ ಕಡಿತ ಮತ್ತು ಪ್ರವಾಸೋದ್ಯಮ ನಿಂತದ್ದು ಮುಖ್ಯವಾದವು. ಆದರೂ ಬಿತ್ತನೆಯ ಹೊತ್ತಿಗೆ ರೈತನ ಕಾಲ ಕೆಳಗಿನ ನೆಲ ಸರಿಸಿದ್ದು ಆ ಕುಸಿತವನ್ನು ಇನ್ನಷ್ಟು ಆಳಗೊಳಿಸಿತು. ಇಂಡೊನೇಷ್ಯಾ 2022ರ ಏಪ್ರಿಲ್ 28ರಿಂದ ತಾಳೆ ಎಣ್ಣೆಯ ರಫ್ತು ನಿಷೇಧಿಸಿತು. ತಾಳೆ ಹಣ್ಣು ಕೊಳ್ಳುವವರಿಲ್ಲದೆ ಬೆಳೆಗಾರರು ಜಕಾರ್ತದ ಬೀದಿಗೆ ಬಂದರು, ನಾಲ್ಕು ವಾರ ತುಂಬುವ ಮೊದಲೇ ನಿಷೇಧ ತೆಗೆಯಬೇಕಾಯಿತು.

ಇದು ಭತ್ತದ ಸೀಮೆಯ ಅಳಲು ಮಾತ್ರ ಎಂದು ಯಾರೂ ತಿಳಿಯಬಾರದು. ಬಳ್ಳಾರಿಯ ಕಬ್ಬಿಣದ ಅದಿರಿನ ಕಥೆ ಇದಕ್ಕಿಂತ ತೀಕ್ಷ್ಣವಾದದ್ದು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ನಡೆದ ಅಕ್ರಮಗಳನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಗಳು ದಾಖಲಿಸಿವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು ಬೆಟ್ಟಗಳನ್ನೂ ಕಾನೂನನ್ನೂ ಉಳಿಸುವುದಕ್ಕಾಗಿ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಮುಂದೆ ಗಣಿಗಾರಿಕೆ ನಿಯಂತ್ರಿತ ರೂಪದಲ್ಲಿ ಮತ್ತೆ ಶುರುವಾದರೂ ರಾಜ್ಯದ ಅದಿರನ್ನು ಹೊರದೇಶಕ್ಕೆ ಕಳಿಸುವಂತಿರಲಿಲ್ಲ. 2022ರ ಮೇ 20ರಂದು ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ತೆಗೆಯಿತು. ಮರುದಿನ, ಅಂದರೆ ಮೇ 21ರ ಸಂಜೆ, ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು, ಪೆಲೆಟ್ (ಅದಿರಿನ ಪುಡಿಯಿಂದ ಮಾಡಿದ ಉಂಡೆ) ಮೇಲೆ ಶೇ 45, ಹಲವು ಉಕ್ಕಿನ ಉತ್ಪನ್ನಗಳ ಮೇಲೆ ಶೇ 15 ವಿಧಿಸಿತು. ಅದೇ ದಿನ ಪೆಟ್ರೋಲಿನ ಅಬಕಾರಿ ಸುಂಕ 8 ರೂಪಾಯಿ, ಡೀಸೆಲಿನದು 6 ರೂಪಾಯಿ ಇಳಿಯಿತು, ಏಕೆಂದರೆ ಏಪ್ರಿಲ್ ತಿಂಗಳ ಸಗಟು ಹಣದುಬ್ಬರ ಶೇ 15ನ್ನು ದಾಟಿತ್ತು. ಉಕ್ಕಿನ ಬೆಲೆ ಇಳಿಯಿತು ನಿಜ. ಆದರೆ ಆ ಹಣಕಾಸು ವರ್ಷದಲ್ಲಿ ದೇಶದ ಉಕ್ಕಿನ ರಫ್ತು ಹಿಂದಿನ ವರ್ಷದ ಅರ್ಧದಷ್ಟಕ್ಕೆ ಕುಸಿಯಿತು, ನವೆಂಬರ್ 19ರಂದು ಸುಂಕದ ಈ ಏರಿಕೆಯನ್ನು ಹಿಂದೆಗೆಯಲಾಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾದು ಸಿಕ್ಕ ಅನುಮತಿ ಎರಡು ದಿನವೂ ಬಾಳಲಿಲ್ಲ. ಅದನ್ನು ನಿಷ್ಫಲಗೊಳಿಸಿದ ಸುಂಕ ಆರು ತಿಂಗಳು ಬಾಳಿತು. ಅದಿರನ್ನು ಹೊರಗೆ ಕಳಿಸುವುದಕ್ಕಿಂತ ಇಲ್ಲೇ ಉಕ್ಕಾಗಿಸುವುದು ಲೇಸು ಎಂಬ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಹಾಗಿದ್ದರೆ ಅದನ್ನು ಐದು ವರ್ಷಗಳ ನೀತಿಯಾಗಿ ಘೋಷಿಸಲಿ, ಸಂಡೂರಿನಲ್ಲಿ ಲಾರಿಗೆ ಸಾಲ ಮಾಡುವವನಿಗೆ ಅದು ಗೊತ್ತಿರಲಿ.

ಹತ್ತಿಯಲ್ಲಿ ಪ್ರಶ್ನೆ ಇನ್ನೂ ಕಠಿಣ, ಏಕೆಂದರೆ ಅಲ್ಲಿ ನಮ್ಮವರ ಹಿತ ನಮ್ಮವರ ಹಿತಕ್ಕೇ ಎದುರಾಗಿ ನಿಲ್ಲುತ್ತದೆ. 2021ರ ಬಜೆಟ್ಟಿನಲ್ಲಿ ಹತ್ತಿಯ ಆಮದಿನ ಮೇಲೆ ಒಟ್ಟು ಶೇ 11ರ ಸುಂಕ ಬಂತು. 2022ರ ಏಪ್ರಿಲ್‌ನಲ್ಲಿ ಬೆಲೆ ಗಗನಕ್ಕೇರಿದಾಗ ಅದನ್ನು ತಾತ್ಕಾಲಿಕವಾಗಿ ತೆಗೆದರು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಹೇರಿದಾಗ, ಬಟ್ಟೆ ಉದ್ಯಮಕ್ಕೆ ಆಸರೆಯೆಂದು ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ಆಮದು ಸುಂಕವನ್ನು ಮತ್ತೆ ತೆಗೆದರು. ಹತ್ತೇ ದಿನಗಳಲ್ಲಿ ಆ ಗಡುವನ್ನು ಡಿಸೆಂಬರ್ 31ಕ್ಕೆ ಒಯ್ದರು. ಸೆಪ್ಟೆಂಬರ್ 30ಕ್ಕೆ ಮುಗಿದಿದ್ದರೆ ರಾಯಚೂರಿನ ಹತ್ತಿ ಬೆಳೆಗಾರನಿಗೆ ಅಷ್ಟೇನೂ ತೊಂದರೆಯಿರಲಿಲ್ಲ, ಏಕೆಂದರೆ ಅವನ ಹೊಸ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಹೆಚ್ಚಾಗಿ ಬರುವುದೇ ಅಕ್ಟೋಬರಿನಿಂದ ಮುಂದೆ. ಡಿಸೆಂಬರ್ 31 ಎಂದರೆ ಅವನು ಮಾರುವ ಮುಖ್ಯ ತಿಂಗಳುಗಳು ಅದರೊಳಗೆ ಸೇರಿಹೋದವು. ಆ ಹಂಗಾಮಿನಲ್ಲಿ ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ ಬೆಂಬಲ ಬೆಲೆ ಇತ್ತು, ಮುಕ್ತ ಮಾರುಕಟ್ಟೆಯ ದರ ಅದರ ಕೆಳಗಿತ್ತು. ಭಾರತೀಯ ಹತ್ತಿ ನಿಗಮದ ಖರೀದಿಗೆ ತೇವಾಂಶ ಶೇ 12ನ್ನು ಮೀರುವಂತಿಲ್ಲ. ಮಳೆಯಲ್ಲಿ ನೆನೆದ ಹತ್ತಿಯನ್ನು ಒಣಗಿಸಿಟ್ಟುಕೊಳ್ಳಲು ಜಾಗವಿಲ್ಲದವನು ಸಿಕ್ಕ ದರಕ್ಕೆ ಮಾರುತ್ತಾನೆ.

ಆದರೆ ಅದೇ ಅಗ್ಗದ ಹತ್ತಿ ನೂಲಾಗಿ, ಡೆನಿಮ್ ಆಗಿ ಬಳ್ಳಾರಿಗೆ ಬರುತ್ತದೆ. ಅಲ್ಲಿ ಮನೆಮನೆಗಳಲ್ಲಿ, ಚಿಕ್ಕ ಚಿಕ್ಕ ಘಟಕಗಳಲ್ಲಿ ಜೀನ್ಸ್ ಹೊಲಿಯುವ, ತೊಳೆಯುವ, ಗುಂಡಿ ಹಚ್ಚುವ ಸಾವಿರಾರು ಜನರ ಕೂಲಿ ಆ ಬಟ್ಟೆಯ ಬೆಲೆಯನ್ನು ಅವಲಂಬಿಸಿದೆ. 2016ರ ನೋಟು ರದ್ದತಿ ಮತ್ತು 2017ರ ಜಿಎಸ್‌ಟಿಯ ಹೊಡೆತಗಳನ್ನು ನಗದಿನಲ್ಲೇ ವ್ಯವಹರಿಸುತ್ತಿದ್ದ ಆ ಉದ್ಯಮ ಒಂದರ ಹಿಂದೆ ಒಂದರಂತೆ ಸಹಿಸಿದೆ. ರಾಯಚೂರಿನ ರೈತನಿಗೆ ಸುಂಕ ಬೇಕು, ಬಳ್ಳಾರಿಯ ಹೊಲಿಗೆಯವನಿಗೆ ಸುಂಕ ಬೇಡ. ಇಬ್ಬರದೂ ನ್ಯಾಯವೇ. ಇಂಥ ಕಡೆ ಸರ್ಕಾರ ಒಬ್ಬರನ್ನು ಆರಿಸಲೇಬೇಕಾಗುತ್ತದೆ, ಅದು ಆಡಳಿತದ ಕೆಲಸ. ನನ್ನ ತಕರಾರು ಆರಿಸಿದ್ದಕ್ಕಲ್ಲ. ಆರಿಸುವ ಮೊದಲು ಇಬ್ಬರ ಮಾತನ್ನೂ ಕೇಳಲಿಲ್ಲ, ಆರಿಸಿದ ಮೇಲೆ ಸೋತವನಿಗೆ ಪರಿಹಾರವನ್ನು ಹೇಳಲಿಲ್ಲ, ಹೇಳಿದ ಗಡುವನ್ನು ಉಳಿಸಿಕೊಳ್ಳಲಿಲ್ಲ ಎಂಬುದಕ್ಕೆ.

ಬಡ್ಡಿದರ ನಮಗೆ ತಟ್ಟುವುದೇ ಇಲ್ಲವೆಂದಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯ ನಡುವೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತು. ಒಂದು ಕೋಟಿ ರೂಪಾಯಿ ದುಡಿಯುವ ಬಂಡವಾಳದ ಸಾಲವಿಟ್ಟುಕೊಂಡು ಭತ್ತ ಕೊಂಡು ದಾಸ್ತಾನು ಮಾಡುವ ಗಿರಣಿಗೆ, ಏರಿಕೆ ಪೂರ್ತಿಯಾಗಿ ವರ್ಗಾವಣೆಯಾದರೆ, ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಹೆಚ್ಚುವರಿ ಬಡ್ಡಿ. ಅದು ಭತ್ತದ ದರದಲ್ಲೇ ಕಳೆದುಹೋಗುತ್ತದೆ. ಆದರೆ ಸಣ್ಣ ರೈತ ಸಹಕಾರ ಸಂಘದ ಬಡ್ಡಿರಹಿತ ಸಾಲದ ಮಿತಿ ಮುಗಿದ ಮೇಲೆ ಹೋಗುವುದು ದಲಾಲಿ ಅಂಗಡಿಗೆ, ಗೊಬ್ಬರದ ಅಂಗಡಿಗೆ, ಇಲ್ಲವೇ ಮೈಕ್ರೋಫೈನಾನ್ಸ್ ಗುಂಪಿಗೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ 24. ಅಲ್ಲಿ ರೆಪೊ ಶೇ 6.5 ಇದ್ದಾಗಲೂ ಅದೇ ದರ, 2025ರ ಡಿಸೆಂಬರಿನ ವೇಳೆಗೆ ಅದು ಶೇ 5.25ಕ್ಕೆ ಇಳಿದಾಗಲೂ ಅದೇ ದರ. ಇಂಥವನಿಗೆ ಸಾಲದ ಬೆಲೆ ಬದಲಾಗುವುದಿಲ್ಲ, ಬೆಳೆಯ ಬೆಲೆ ಮಾತ್ರ ಬದಲಾಗುತ್ತದೆ. ದೇಶದ ಹಣದುಬ್ಬರ ನೀತಿ ಅವನನ್ನು ಮುಟ್ಟುವ ದಾರಿ ಇದೊಂದೇ.

ಇನ್ನು ಭಾರ ಯಾರು ಹೊರಬೇಕು ಎಂಬ ಪ್ರಶ್ನೆ. ಬಡ ಗ್ರಾಹಕನಿಗೆ ಅಗ್ಗದ ಅಕ್ಕಿ ಕೊಡಲು ಎರಡು ದಾರಿಗಳಿವೆ. ಸರ್ಕಾರ ಮಾರುಕಟ್ಟೆ ದರಕ್ಕೆ ಕೊಂಡು ಸಬ್ಸಿಡಿಯಲ್ಲಿ ಹಂಚಿದರೆ ಆ ವೆಚ್ಚ ಬಜೆಟ್ಟಿನಲ್ಲಿ ಕಾಣುತ್ತದೆ, ಸಂಸತ್ತು ಅದನ್ನು ಚರ್ಚಿಸುತ್ತದೆ, ದೇಶದ ತೆರಿಗೆದಾರರೆಲ್ಲ ಅದನ್ನು ಹಂಚಿಕೊಳ್ಳುತ್ತಾರೆ. ರಫ್ತು ನಿಲ್ಲಿಸಿ ದರ ತಗ್ಗಿಸಿದರೆ ಅಷ್ಟೇ ವೆಚ್ಚ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ, ವಿತ್ತೀಯ ಕೊರತೆ ಹೆಚ್ಚುವುದಿಲ್ಲ, ಅದನ್ನು ಬೆಳೆಗಾರ ಒಬ್ಬನೇ ಕಟ್ಟುತ್ತಾನೆ. ಅದೂ ತೆರಿಗೆಯೇ, ಹೆಸರಿಲ್ಲದ ತೆರಿಗೆ. ಕೊರತೆಯನ್ನು ತಗ್ಗಿಸಿದೆವೆಂದು ಹೇಳಿಕೊಳ್ಳುವ ಪ್ರತಿ ಬಜೆಟ್ಟಿನಲ್ಲಿ ಈ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಬೇಕೆಂದು ನಾನು ಬಯಸುತ್ತೇನೆ. ಇದು ನನ್ನೊಬ್ಬನ ಅಭಿಪ್ರಾಯವಲ್ಲ: ಮುಖ್ಯ ಆರ್ಥಿಕ ಸಲಹೆಗಾರ ವಿ. ಅನಂತ ನಾಗೇಶ್ವರನ್ ಅವರ ನೇತೃತ್ವದಲ್ಲಿ ಸಿದ್ಧವಾದ 2023-24ರ ಆರ್ಥಿಕ ಸಮೀಕ್ಷೆಯೇ ರಫ್ತು ನಿಷೇಧವನ್ನು ಅಸಾಧಾರಣ ಸಂದರ್ಭಗಳಿಗೆ ಸೀಮಿತಗೊಳಿಸಬೇಕೆಂದಿತು, ಹಣದುಬ್ಬರದ ಗುರಿಯಿಂದ ಆಹಾರವನ್ನು ಹೊರಗಿಡುವ ಬಗ್ಗೆ ಯೋಚಿಸಬೇಕೆಂದಿತು. ಎರಡನೆಯ ಸಲಹೆಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಕೂಲಿಯವನ ಖರ್ಚಿನ ದೊಡ್ಡ ಪಾಲು ಆಹಾರವೇ ಆಗಿರುವಾಗ ಅದನ್ನು ಬಿಟ್ಟು ಬೆಲೆಯೇರಿಕೆಯನ್ನು ಅಳೆಯುವುದು ಅವನ ಸಂಕಟವನ್ನು ಅಳತೆಯಿಂದಲೇ ಹೊರಗಿಟ್ಟಂತೆ. ಮೊದಲನೆಯದು ಮಾತ್ರ ತಡಮಾಡದೆ ಜಾರಿಯಾಗಬೇಕು.

ನಾನು ಕೇಳುವುದು ಇಷ್ಟು. ಅಕ್ಕಿ, ಗೋಧಿ, ಬೇಳೆ, ಹತ್ತಿ, ಈರುಳ್ಳಿ, ಖಾದ್ಯ ತೈಲಗಳ ಆಮದು ರಫ್ತು ನೀತಿಯನ್ನು ವರ್ಷಕ್ಕೆ ಎರಡು ಬಾರಿ, ಮುಂಗಾರು ಬಿತ್ತನೆಗೆ ಮುನ್ನ ಮೇ ತಿಂಗಳಲ್ಲಿ ಮತ್ತು ಕೊಯ್ಲಿಗೆ ಮುನ್ನ ಸೆಪ್ಟೆಂಬರಿನಲ್ಲಿ, ಮೊದಲೇ ಪ್ರಕಟಿಸಿದ ದಿನಾಂಕಗಳಂದು ಪರಿಶೀಲಿಸಬೇಕು. ಮೇ ತಿಂಗಳಲ್ಲಿ ಹೇಳಿದ್ದು ಆ ಬೆಳೆ ಮಾರಾಟವಾಗುವವರೆಗೆ ನಿಲ್ಲಬೇಕು. ಸೆಪ್ಟೆಂಬರಿನ ಸಭೆ ಅದನ್ನು ಸಡಿಲಿಸಬಹುದೇ ಹೊರತು ಬಿಗಿಗೊಳಿಸಬಾರದು. ನಿಜವಾದ ತುರ್ತು ಬಂದರೆ ಪೂರ್ಣ ನಿಷೇಧದ ಬದಲು, ದಾಸ್ತಾನು ಇಷ್ಟಕ್ಕಿಂತ ಇಳಿದರೆ ಇಷ್ಟು ಸುಂಕ ಎಂದು ಮೊದಲೇ ಗೊತ್ತುಪಡಿಸಿದ ಹಂತಗಳಲ್ಲಿ ಏರುವ ಸುಂಕವಿರಲಿ. ಆಗ ಕನಿಷ್ಠ ಸುಂಕದ ಹಣವಾದರೂ ಖಜಾನೆಗೆ ಬರುತ್ತದೆ, ಅದನ್ನು ಬೆಳೆಗಾರನಿಗೆ ಹಿಂದಿರುಗಿಸುವ ದಾರಿ ಇರುತ್ತದೆ. ಆಗಲೇ ಆಗಿರುವ ಕರಾರುಗಳನ್ನು ಮುಟ್ಟಬಾರದು. ತೀರ್ಮಾನದ ಕಾರಣ, ದಾಸ್ತಾನಿನ ಅಂಕಿಗಳು, ಬಂದ ಆಕ್ಷೇಪಗಳು ಹದಿನಾಲ್ಕು ದಿನಗಳೊಳಗೆ ಪ್ರಕಟವಾಗಬೇಕು. ಕೃಷಿ ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯ, ವಿದೇಶ ವ್ಯಾಪಾರ ಕೇಂದ್ರದ ವಿಷಯ. ಹೀಗಿರುವಾಗ ತೆರಿಗೆಗೆ ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳು ಕುಳಿತುಕೊಳ್ಳುವಂತೆ ಇಲ್ಲಿಯೂ ಬೆಳೆಯುವ ರಾಜ್ಯಗಳ ಪ್ರತಿನಿಧಿಗಳಿಗೆ ಸ್ಥಾನವಿರಬೇಕು.

ದಿನಾಂಕ ಮೊದಲೇ ತಿಳಿದರೆ ವ್ಯಾಪಾರಿಗಳು ಅಕ್ರಮ ದಾಸ್ತಾನು ಮಾಡುತ್ತಾರೆ, ರಾತ್ರೋರಾತ್ರಿ ಹೊರಗೆ ಸಾಗಿಸುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಬಡ್ಡಿದರದ ಸಭೆಯ ದಿನಾಂಕವೂ ಎಲ್ಲರಿಗೂ ಗೊತ್ತು, ತೀರ್ಮಾನ ಮಾತ್ರ ಗೊತ್ತಿರುವುದಿಲ್ಲ; ಅದರಿಂದ ಹಣದ ಮಾರುಕಟ್ಟೆ ಮುಳುಗಿಲ್ಲ. ವಾಸ್ತವದಲ್ಲಿ ನಮ್ಮ ಅನುಭವ ಇದಕ್ಕೆ ತದ್ವಿರುದ್ಧ. ಯಾವಾಗ ಏನಾಗುತ್ತದೋ ಎಂಬ ಅನಿಶ್ಚಿತತೆಯಲ್ಲಿ ಖರೀದಿದಾರ ತನ್ನ ಅಪಾಯದ ಮೊತ್ತವನ್ನು ಮುಂಚಿತವಾಗಿ ಭತ್ತದ ದರದಲ್ಲೇ ಕಡಿದುಕೊಳ್ಳುತ್ತಾನೆ, ನಿಷೇಧ ಬಾರದ ವರ್ಷದಲ್ಲೂ ರೈತ ನಿಷೇಧದ ಭಯಕ್ಕೆ ಬೆಲೆ ತೆರುತ್ತಾನೆ. ದೊಡ್ಡ ರಫ್ತುದಾರನಿಗೆ ದೆಹಲಿಯ ಗಾಳಿ ಹೇಗೆ ಬೀಸುತ್ತಿದೆ ಎಂದು ಹೇಳುವವರಿರುತ್ತಾರೆ. ಎಪ್ಪತ್ತೈದು ಕೆಜಿಯ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುವವನಿಗೆ ಯಾರೂ ಇಲ್ಲ.

ಈ ವಿಷಯದಲ್ಲಿ ಮೂವರಿಂದ ಕೆಲಸ ಆಗಬೇಕಿದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಸಂಸದರು ಪಕ್ಷಭೇದ ಬದಿಗಿಟ್ಟು, 2022ರಿಂದ ಈಚೆಗೆ ಹೊರಟ ಇಂಥ ಪ್ರತಿಯೊಂದು ಅಧಿಸೂಚನೆಯ ಹಿಂದಿನ ಟಿಪ್ಪಣಿಯನ್ನು ಸದನದಲ್ಲಿ ಮಂಡಿಸುವಂತೆ ಕೇಳಬೇಕು. ಕರ್ನಾಟಕ ಕೃಷಿ ಬೆಲೆ ಆಯೋಗವು ಆ ಅಧಿಸೂಚನೆಗಳ ಮೊದಲಿನ ಮತ್ತು ನಂತರದ ಮೂರು ಮೂರು ತಿಂಗಳ ಆವಕ, ದರಗಳನ್ನು ಸಿಂಧನೂರು, ಗಂಗಾವತಿ, ರಾಯಚೂರು, ಬಳ್ಳಾರಿ ಎಪಿಎಂಸಿಗಳಿಂದ ಕಲೆಹಾಕಿ ಪ್ರಕಟಿಸಬೇಕು. ಪುಸ್ತಕಗಳು ಅಲ್ಲೇ ಇವೆ, ಕೂಡಿಸುವವರು ಬೇಕು ಅಷ್ಟೆ. ತಾವು, ಸಂಪಾದಕರೇ, ರೆಪೊ ದರ ಬದಲಾದ ದಿನ ಗೃಹಸಾಲದ ಕಂತಿನ ಕೋಷ್ಟಕ ಕೊಡುವಂತೆ, ಅಕ್ಕಿಯ ಅಥವಾ ಹತ್ತಿಯ ಅಧಿಸೂಚನೆ ಹೊರಟ ದಿನ ನಮ್ಮ ಮಾರುಕಟ್ಟೆಗಳ ಚೀಲದ ದರವನ್ನು ಅದರ ಪಕ್ಕದಲ್ಲೇ, ಅದೇ ಪುಟದಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅರ್ಥಶಾಸ್ತ್ರದ ನಿವೃತ್ತ ಉಪನ್ಯಾಸಕ,
ಸಿಂಧನೂರು, ರಾಯಚೂರು ಜಿಲ್ಲೆ